ಸವತಿಗೆ ವಿಭೂತಿ

ನನ್ನ ಯಜಮಾನರು ಮುಂಬಯಿಯಲ್ಲಿ ಓಡಿಸುತ್ತಿದ್ದ ಹಳೆಯ ಫೈರ್ ಇಂಜಿನ್ ಈಗ ಹೊಸಪೇಟೆಯ ಹೋಟೆಲೊಂದರ ಮುಂದೆ ಅಲಂಕಾರಕ್ಕೆ ನಿಂತಿದೆ. ಅವರು ದಿನವೂ ಹೋಗಿ ಅದರ ಗಂಟೆಗೆ ವಿಭೂತಿ ಹಚ್ಚುತ್ತಿದ್ದರು. “ನಿನ್ನ ಸವತಿ ಕಾಯಾಕತ್ತಾಳ,” ಎಂದು ನನ್ನನ್ನು ಕೆಣಕುತ್ತಿದ್ದರು. ನಡುಬೆರಳು ಬೆಂಕಿಯಲ್ಲಿ ಹೋಗಿದ್ದರಿಂದ ಅವರ ಕೈಯಲ್ಲಿ ಮೂಡುತ್ತಿದ್ದುದು ಎರಡೇ ಗೆರೆ.

ಅವರು ಶಿವನ ಪಾದ ಸೇರಿ ವರ್ಷವಾಯಿತು; ನನ್ನ ಕನಸಿಗೂ ಬಂದಿಲ್ಲ. ಮೊನ್ನೆ ಸೋಮವಾರ ಬೆಳಿಗ್ಗೆ ಹೋಗಿ ನೋಡಿದರೆ ಗಂಟೆಯ ಮೇಲೆ ಎರಡು ಗೆರೆ, ಇನ್ನೂ ಹಸಿ.

“ಯಾರ ಹಚ್ಚಿದ್ರಪ್ಪಾ?” ಎಂದು ಕಾವಲುಗಾರ ಉಚ್ಚೆಂಗೆಪ್ಪನನ್ನು ಕೇಳಿದೆ.

“ಯಾರೂ ಬಂದಿಲ್ರೀ ಅಮ್ಮಾರ. ದಿನಾ ಒರಸ್ತೀನಿ, ದಿನಾ ಇರ್ತಾವ.”

ಹೊಟ್ಟೆ ಉರಿದು ಸೆರಗಿನಿಂದ ತಿಕ್ಕಿ ಒರೆಸಿದೆ. ನೆರಳಲ್ಲಿದ್ದ ಗಂಟೆ ಮೈಯಂತೆ ಬೆಚ್ಚಗಿತ್ತು.

ನಾನೊಬ್ಬಳೇ ಇರುವ ಮನೆಗೆ ಬಂದು ದೇವರ ಕೋಣೆಯಲ್ಲಿ ನೋಡಿದೆ. ನಾನು ವರ್ಷದಿಂದ ಮುಟ್ಟದ ಅವರ ವಿಭೂತಿ ಗಟ್ಟಿ ಅರ್ಧ ಸವೆದಿದೆ. ಆ ಕೋಣೆಗೆ ಹೋಗುವವರು ನನ್ನ ಮಂಚ ದಾಟಿಯೇ ಹೋಗಬೇಕು.