ಹಗಲು ಹೊತ್ತಿನ ಗಂಡ

"ಯಾವನ್ಲಾ ಅವ್ನು! ಹಿತ್ಲಿಗೆ ನುಗ್ಗಿರೋದು ಯಾವನ್ಲಾ!"

ಕೇಳಿದ್ದಷ್ಟೇ. ಉತ್ತರಕ್ಕೆ ಕಾಯುವ ವ್ಯವಧಾನ ಗಂಗರತ್ನಳಿಗೆ ಇರಲಿಲ್ಲ. ಕೈಯಲ್ಲಿದ್ದ ಸಗಣಿ ನೀರಿನ ಬಕೆಟ್ಟನ್ನು ಎತ್ತಿ, ತೊಟ್ಟಿಯ ಹತ್ತಿರ ಬಗ್ಗಿ ಕಾಲು ತೊಳೆಯುತ್ತಿದ್ದ ಗಂಡಸಿನ ಮೇಲೆ ಸುರಿದೇ ಬಿಟ್ಟಳು!

"ಅಯ್ಯಪ್ಪಾ! ಏ... ನಾನು... ನಾನು ಕಣೇ!"

"ನಾನು ಅಂದ್ರೆ ಯಾವನು? ಅತ್ತೇ... ಬನ್ನಿ ಬೇಗ! ಕಳ್ಳ!"

ರಾಗಿ ಕೇರುತ್ತಿದ್ದ ಬೈರಮ್ಮ ಮೊರ ಹಿಡಿದೇ ಓಡಿ ಬಂದರು. ನೋಡಿದವರೇ ಹಣೆ ಚಚ್ಚಿಕೊಂಡರು.

"ಅಯ್ಯೋ ನಿನ್ ಬುದ್ಧಿಗಿಷ್ಟು! ಅವ್ನು ನಿನ್ ಗಂಡ ಕಣೇ!"

ನಗಬೇಡಿ. ಆ ಹುಡುಗಿಯದೇನೂ ತಪ್ಪಿಲ್ಲ. ಮದುವೆಯಾಗಿ ಆರು ತಿಂಗಳಾಗಿದ್ದರೂ ಅವಳು ಗಂಡನನ್ನು ಹಗಲು ಬೆಳಕಿನಲ್ಲಿ ಸರಿಯಾಗಿ ನೋಡಿಯೇ ಇರಲಿಲ್ಲ. ಧಾರೆಯ ದಿನ ನೋಡಬಹುದಿತ್ತು, ಆದರೆ ಅವತ್ತು ಅವಳು ತಲೆ ಎತ್ತಿದ್ದರೆ ತಾನೇ!

ರಾಮಾಂಜಿಗೆ ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದಲ್ಲಿ ಕೆಲಸ, ಪಂಪ್‌ಸೆಟ್ ಮೋಟಾರು ಮಾಡುವ ಕಂಪನಿಯಲ್ಲಿ. ಕೋಳಿ ಕೂಗುವ ಮೊದಲೇ ಹಳ್ಳಿ ಬಿಟ್ಟು, ಕೆಲಮಂಗಲದ ತನಕ ಸೈಕಲ್ಲು ತುಳಿದು ಕಂಪನಿ ಬಸ್ಸು ಹಿಡಿಯಬೇಕು. ಶಿಫ್ಟು ಮುಗಿದರೆ ಓವರ್‌ಟೈಮು. ಭಾನುವಾರವೂ ಓವರ್‌ಟೈಮು. ಮನೆಗೆ ಬರುವಷ್ಟರಲ್ಲಿ ಊರು ಮಲಗಿರುತ್ತಿತ್ತು, ಮುದ್ದೆ ನುಂಗುವಾಗಲೇ ಅವನ ಕಣ್ಣು ಮುಚ್ಚಿಹೋಗುತ್ತಿತ್ತು. ಬುಡ್ಡಿ ದೀಪದ ಬೆಳಕಲ್ಲಿ ಒಂದು ನೀಲಿ ಯೂನಿಫಾರ್ಮು, ಒಂದು ಬಗ್ಗಿದ ತಲೆ. ಅವಳಿಗೆ ಗೊತ್ತಿದ್ದ ಗಂಡ ಅಷ್ಟೇ. ಈಗ ಬೆಳಗ್ಗೆ ಹತ್ತು ಗಂಟೆಗೆ, ಅಂಗಿ ಬಿಚ್ಚಿ ಟವೆಲನ್ನು ತಲೆಗೆ ಸುತ್ತಿಕೊಂಡು ಬಂದವನನ್ನು ಅವಳು ಹೇಗೆ ಗುರುತು ಹಿಡಿಯಬೇಕು, ನೀವೇ ಹೇಳಿ.

"ಯಾಕ್ಲಾ ಮಗಾ, ಇಷ್ಟೊತ್ತಲ್ಲಿ ಬಂದೆ?" ಬೈರಮ್ಮ ಕೇಳಿದರು.

ರಾಮಾಂಜಿ ಮುಖ ಒರೆಸಿಕೊಂಡ. "ಕಂಪನಿ ಗೇಟು ಮುಚ್ಬುಟ್ರು ಕಣಮ್ಮ. ಲಾಕೌಟಂತೆ. ಮತ್ತೆ ಯಾವಾಗ ತೆಗೀತಾರೋ ಯಾರಿಗೂ ಗೊತ್ತಿಲ್ಲ."

ಬೈರಮ್ಮ ತೊಟ್ಟಿಯ ಕಟ್ಟೆಯ ಮೇಲೆ ಕುಸಿದು ಕುಳಿತರು. ಗಂಗರತ್ನಳೂ ಅಳಬೇಕಾಗಿತ್ತು. ಆದರೆ ಅವಳ ಕಣ್ಣು ಆ ಒದ್ದೆ ಮುಖದ ಮೇಲೆಯೇ ನಿಂತುಬಿಟ್ಟಿತ್ತು.

'ಅಯ್ಯೋ ದೇವ್ರೇ... ಇವ್ರು ಇಷ್ಟು ಚೆಂದ ಇದಾರಾ!'

ಮನೆಗೆ ಕಷ್ಟ ಬಂದ ಹೊತ್ತಲ್ಲಿ ತನಗೆ ಇಂಥ ಯೋಚನೆಯೇ ಎಂದು ನಾಚಿಕೆಯಾಗಿ, ಖಾಲಿ ಬಕೆಟ್ಟು ಎತ್ತಿಕೊಂಡು ಒಳಗೆ ಓಡಿದಳು. ಅದು ಎಂಬತ್ತನಾಲ್ಕನೇ ಇಸವಿಯ ಬೇಸಿಗೆ.

ಮೊದಲ ವಾರ ರಾಮಾಂಜಿ ಮೊಟ್ಟೆ ಇಡಲು ಜಾಗ ಸಿಗದ ಕೋಳಿಯ ಹಾಗೆ ಮನೆಯೆಲ್ಲ ಸುತ್ತಿದ. ಹೆಂಡತಿ ಎದುರಿಗೆ ಬಂದರೆ ಗೋಡೆ ನೋಡುತ್ತಿದ್ದ.

'ಕಂಪನಿ ಕೆಲಸ ನೋಡಿ ಕೊಟ್ಟ ಹೆಣ್ಣು. ಈಗ ಏನಂದ್ಕೊಳ್ತಾಳೋ...' ಇದು ಅವನ ಚಿಂತೆ.

'ನನ್ ಮಕ ನೋಡೋಕೇ ಇಷ್ಟ ಇಲ್ವೇನೋ. ಅದಕ್ಕೇ ಅಷ್ಟು ಓವರ್‌ಟೈಮು ಮಾಡ್ತಿದ್ರಾ?' ಇದು ಅವಳ ಚಿಂತೆ.

ಇಬ್ಬರೂ ಬಾಯಿ ಬಿಡಲಿಲ್ಲ. ಗಂಡ ಹೆಂಡತಿ ಅಂದರೆ ಹೀಗೇ ನೋಡಿ, ಊರಿಗೆಲ್ಲ ಹೇಳುತ್ತಾರೆ, ಒಬ್ಬರಿಗೊಬ್ಬರು ಮಾತ್ರ ಹೇಳುವುದಿಲ್ಲ.

ಎಂಟನೆಯ ದಿನ ಪಕ್ಕದ ತೋಟದ ಸೊಣ್ಣಪ್ಪ ಎತ್ತಿನ ಗಾಡಿಯಲ್ಲಿ ಸುಟ್ಟುಹೋದ ಮೋಟಾರು ಹೇರಿಕೊಂಡು ಬಂದ.

"ರಾಮಾಂಜೀ, ಟೊಮೇಟೊ ಬಾಡೋಯ್ತಾ ಐತೆ ಕಣ್ಲಾ. ಹೊಸೂರಲ್ಲಿ ಕೊಟ್ರೆ ಹದಿನೈದು ದಿನ ಅಂತಾರೆ. ನೀನೇ ಹೊಸಾ ತಂತಿ ಸುತ್ತಿ ಕೊಡು."

ರಾಮಾಂಜಿ ಜಗುಲಿಯ ಮೇಲೆ ಮೋಟಾರು ಬಿಚ್ಚಿದ. ಕಪ್ಪಗಾದ ತಂತಿ ಕಿತ್ತು, ಒಳಗಿನ ಸೀಳುಗಳಿಗೆ ಕಾಗದ ಕತ್ತರಿಸಿಟ್ಟು, ಮರದ ಅಚ್ಚಿಗೆ ತಾಮ್ರದ ತಂತಿ ಸುತ್ತಲು ಕುಳಿತ. ಒಂದು ಸುತ್ತು ಹೆಚ್ಚು ಕಮ್ಮಿಯಾದರೂ ಮೋಟಾರು ಮತ್ತೆ ಸುಡುತ್ತದೆ. ಕಂಪನಿಯಲ್ಲಾದರೆ ಎಣಿಸಲು ಮೀಟರು ಇತ್ತು. ಇಲ್ಲಿ?

ಬಾಗಿಲ ಸಂದಿಯಲ್ಲಿ ನಿಂತಿದ್ದ ಹೆಂಡತಿಯನ್ನು ಅವನು ಮೊದಲ ಸಲ ನೇರವಾಗಿ ನೋಡಿದ.

"ನಿಂಗೆ... ಎಣಿಸೋಕೆ ಬರುತ್ತಾ?"

"ಏನು, ನನ್ನೇನು ಹಸು ಅಂದ್ಕೊಂಡ್ರಾ? ಬೇರಿಕೆ ಇಸ್ಕೂಲಲ್ಲಿ ಎಂಟನೇ ಕ್ಲಾಸು ಓದಿದೀನಿ!"

ಆರು ತಿಂಗಳಲ್ಲಿ ಅವಳು ಅವನಿಗೆ ಆಡಿದ ಅತಿ ಉದ್ದದ ಮಾತು ಅದು. ಅವನು ಬೆಪ್ಪಾಗಿ ನಕ್ಕ.

ಅವನು ತಂತಿ ಬಿಗಿಹಿಡಿದು ಹಿಡಿ ತಿರುಗಿಸಿದ, ಅವಳು ಎದುರು ಕುಳಿತು ಎಣಿಸಿದಳು. ಬೇರಿಕೆಯ ತವರಿನಲ್ಲಿ ಎಣಿಕೆಯೆಲ್ಲ ತೆಲುಗಿನಲ್ಲಿ. ಅವನದು ಕಂಪನಿಯ ಅಭ್ಯಾಸ, ಬಾಯೊಳಗೇ ತಮಿಳಿನಲ್ಲಿ ಎಣಿಸುತ್ತಿದ್ದ. ಅವಳು "ಮುಪ್ಪೈ ಐದು" ಅನ್ನುವಾಗ ಅವನು "ಮುಪ್ಪತ್ತಿ ಏಳು" ಅಂದ. ಮೂವತ್ತೈದೋ ಮೂವತ್ತೇಳೋ? ಇಬ್ಬರೂ ಮುಖ ಮುಖ ನೋಡಿಕೊಂಡರು.

"ನೀವೇ ತಪ್ಪು. ಎಲ್ಲೋ ನೋಡ್ತಿದ್ರಿ."

"ಎಲ್ಲೋ ಅಲ್ಲ..." ಅಂದವನು ಮಾತು ನುಂಗಿಕೊಂಡು ಸುತ್ತಿದ್ದನ್ನೆಲ್ಲ ಬಿಚ್ಚಿದ. "ತಮಿಳೂ ಬ್ಯಾಡ, ತೆಲುಗೂ ಬ್ಯಾಡ. ಕನ್ನಡದಲ್ಲಿ ಎಣಿಸು. ನೀನೊಬ್ಳೇ ಎಣಿಸು, ನಾನು ಕೇಳ್ತೀನಿ."

ಮೂರನೆಯ ದಿನ ಸೊಣ್ಣಪ್ಪನ ಬಾವಿಯಲ್ಲಿ ಮೋಟಾರು ಗುಂಯ್ ಎಂದು ನೀರು ಚಿಮ್ಮಿಸಿದಾಗ ಗಂಗರತ್ನ ಚಪ್ಪಾಳೆ ತಟ್ಟಿದಳು!

ಆಮೇಲೆ ಜಗುಲಿ ಖಾಲಿಯಾಗಲೇ ಇಲ್ಲ. ಒಬ್ಬರಿಂದ ಒಬ್ಬರಿಗೆ ಸುದ್ದಿ ಹೋಗಿ ಅಕ್ಕಪಕ್ಕದ ಹಳ್ಳಿಗಳಿಂದಲೂ ಸುಟ್ಟ ಮೋಟಾರುಗಳು ಬಂದವು. ಬಾರದ ದಿನಗಳೂ ಇದ್ದವು. ಅಂಥ ದಿನ ರಾಮಾಂಜಿ ಹೆಂಡತಿಯ ಜೊತೆ ಸೊಪ್ಪಿನ ಮಡಿಯಲ್ಲಿ ಕಳೆ ಕಿತ್ತ, ಸಂತೆಗೆ ಅವಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋದ. ಅವಳಿಗೆ ಹುರಿದ ಕಡಲೆಕಾಯಿ ಅಂದರೆ ಪ್ರಾಣ ಎಂದು ಅವನಿಗೆ ಗೊತ್ತಾಯಿತು. ಅವನಿಗೆ ಗೂಬೆ ಕಂಡರೆ ಭಯ ಎಂದು ಅವಳಿಗೆ ಗೊತ್ತಾಯಿತು. ಮುದ್ದೆ ಬಿಸಿಯಾಗಿರುವಾಗಲೇ ಉಣ್ಣುವ ಸುಖ ಎಂಥದೆಂದು ಅವನಿಗೆ ಮದುವೆಯಾದ ಮೇಲೆ ಮೊದಲ ಸಲ ಗೊತ್ತಾಯಿತು.

'ಕೆಲಸ ಹೋಗಿದ್ಕೆ ಯಾರಾದ್ರೂ ಇಷ್ಟು ಖುಷಿಯಾಗಿರ್ತಾರಾ?' ಎಂದು ಗಂಗರತ್ನ ತನ್ನನ್ನೇ ಬೈದುಕೊಂಡಳು. ಬೈದುಕೊಂಡೇ ಖುಷಿಯಾಗಿದ್ದಳು. ಬೇಗ ಗೇಟು ತೆಗೆಯಲಿ ಎಂದು ಬೈರಮ್ಮ ಮುನೇಶ್ವರನಿಗೆ ಹರಕೆ ಹೊತ್ತ ದಿನ ಮಗ ಸೊಸೆ ಇಬ್ಬರೂ ಪಕ್ಕದಲ್ಲೇ ಕೈಮುಗಿದು ನಿಂತಿದ್ದರು.

ಅಷ್ಟರಲ್ಲಿ ಆಷಾಢ ಬಂತು.

ಮದುವೆಯಾದ ಮೊದಲ ಆಷಾಢದಲ್ಲಿ ಸೊಸೆ ಗಂಡನ ಮನೆಯಲ್ಲಿ ಇರುವ ಹಾಗಿಲ್ಲ, ಇದು ನಮ್ಮ ಕಡೆಯ ಕಟ್ಟಳೆ. ತಂದೆ ಪಾಪಯ್ಯ ಬೇರಿಕೆಯಿಂದ ಕರೆಯಲು ಬಂದರು. ಬಂದವರ ಕಣ್ಣಿಗೆ ಮೊದಲು ಬಿದ್ದದ್ದು ಜಗುಲಿಯ ತುಂಬ ಕಬ್ಬಿಣ, ಮಗಳ ಕೈ ತುಂಬ ಮಸಿ! ಅವರ ಮುಖ ಗಂಟಿಕ್ಕಿತು.

ಅವಳು ಬಟ್ಟೆ ಜೋಡಿಸಲು ಒಳಗೆ ಹೋದಾಗ ಪಾಪಯ್ಯ ಅಳಿಯನನ್ನು ಹುಣಸೆ ಮರದ ಕೆಳಗೆ ಕರೆದರು.

"ಬ್ಯಾಸರ ಮಾಡ್ಕೋಬ್ಯಾಡ ರಾಮಾಂಜಿ. ಕಂಪನಿ ಕೆಲಸ ಅಂತ್ಲೇ ನಮ್ ಹುಡ್ಗಿ ಒಪ್ಕೊಂಡಿದ್ದು. ಗೇಟು ತೆಗೀಲಿ, ಡ್ಯೂಟಿಗೆ ಸೇರ್ಕೋ. ಆಮ್ಯಾಕೆ ಬಂದು ಕರ್ಕೊಂಡೋಗು. ಅಲ್ಲೀಗಂಟ ನಮ್ಮನೇಲೇ ಇರ್ಲಿ."

ರಾಮಾಂಜಿ ಹೂಂ ಎಂದು ತಲೆಯಾಡಿಸಿದ. 'ಅವಳೂ ಅಪ್ಪನ ಹತ್ರ ಹಿಂಗೇ ಹೇಳಿರ್ಬೇಕು. ನನ್ ಮುಂದೆ ನಗ್ತಿದ್ದಿದ್ದೆಲ್ಲ ನನ್ ಸಮಾಧಾನಕ್ಕೆ...' ಎಂದುಕೊಂಡ.

ಗಂಗರತ್ನ ಗಂಟು ಹಿಡಿದು ಬಂದು ಅವನ ಮುಂದೆ ನಿಂತಳು. "ಹೋಗ್ಲಾ?"

'ಬೇಗ ಬಂದು ಕರ್ಕೊಂಡ್ ಬತ್ತೀನಿ ಅನ್ನಿ... ಒಂದು ಮಾತು ಅನ್ನಿ...'

"ಹೋಗು," ಅಂದ ಅವನು, ಮೋಟಾರಿನ ಕಡೆ ಮುಖ ಮಾಡಿಕೊಂಡು.

ಬಸ್ಸಿನಲ್ಲಿ ಬೇರಿಕೆಯ ತನಕ ಅವಳು ಸೆರಗು ಕಚ್ಚಿಕೊಂಡೇ ಕುಳಿತಿದ್ದಳು.

ಆಷಾಢ ಮುಗಿಯಿತು. ಶ್ರಾವಣ ಬಂತು. ಬೀದಿಯ ಹೊಸ ಮದುವಣಗಿತ್ತಿಯರನ್ನೆಲ್ಲ ಗಂಡಂದಿರು ಬಂದು ಕರೆದುಕೊಂಡು ಹೋದರು. ಮೊದಲ ಶನಿವಾರ ಕಳೆಯಿತು. ರಾಮಾಂಜಿ ಬರಲಿಲ್ಲ. ಬಸ್ಸಿನ ಸದ್ದಾದಾಗಲೆಲ್ಲ ಗಂಗರತ್ನ ಬಾಗಿಲಿಗೆ ಬಂದು ವಾಪಸ್ಸು ಹೋಗುತ್ತಿದ್ದಳು.

'ನಾನಿಲ್ದೆ ಹಾಯಾಗಿದಾರೆ. ನಾನೇ ಹುಚ್ಚಿ!'

ಎರಡನೆಯ ಶನಿವಾರವೂ ಕಳೆದು, ಭಾನುವಾರ ಬೆಳಗ್ಗೆ ಅವಳು ಒಲೆಯ ಮುಂದೆ ಅಳುವುದನ್ನು ಕಂಡು ತಾಯಿ ಪಾರ್ವತಮ್ಮ ತಡೆಯಲಾರದೆ ಹೇಳಿಬಿಟ್ಟರು.

"ಅಳ್ಬ್ಯಾಡ ಕಣವ್ವ. ಬತ್ತಾನೆ. ಗೇಟು ತೆಗೆದು ಕೆಲಸ ಸೇರಿದ್ಮ್ಯಾಕೆ ಬಾ ಅಂತ ನಿಮ್ಮಪ್ಪನೇ ಹೇಳವ್ರೆ."

ಗಂಗರತ್ನ ಅಳು ನಿಲ್ಲಿಸಿದಳು. "ಏನಂದೆ?"

"ನಿನ್ ಒಳ್ಳೇದಕ್ಕೇ..."

"ನನ್ ಸಂಸಾರ ಅದು! ನನ್ನ ಒಂದ್ ಮಾತು ಕೇಳಿದ್ರಾ?" ಅವಳು ಎದ್ದು ಗಂಟು ಕಟ್ಟತೊಡಗಿದಳು.

"ಏ, ಕರೆಯೋಕೆ ಯಾರೂ ಬರ್ದೆ ಸೊಸೆ ತಾನಾಗೇ ಹೋದ್ರೆ ಊರು ನಗುತ್ತೆ ಕಣೇ!"

"ನಗ್ಲಿ. ಹಲ್ಲಿದ್ದೋರು ನಗ್ತಾರೆ."

ಜಗುಲಿಯಲ್ಲಿದ್ದ ಪಾಪಯ್ಯ ಎದ್ದು ನಿಂತರು. ಮಗಳ ಕಣ್ಣು ನೋಡಿ ತೆರೆದ ಬಾಯಿ ಹಾಗೇ ಮುಚ್ಚಿಕೊಂಡು ದಾರಿ ಬಿಟ್ಟರು.

ಬೇರಿಕೆಯಿಂದ ಹೊಸೂರು, ಹೊಸೂರಿಂದ ಕೆಲಮಂಗಲ, ಅಲ್ಲಿಂದ ನಡಿಗೆ. ದಾರಿಯುದ್ದಕ್ಕೂ ಏನೇನು ಬೈಯಬೇಕೆಂದು ಅವಳು ಜೋಡಿಸಿಕೊಂಡೇ ಬಂದಳು. ಆದರೆ ಅಂಗಳಕ್ಕೆ ಕಾಲಿಟ್ಟ ಕೂಡಲೇ ಎಲ್ಲ ಮರೆತುಹೋಯಿತು. ಹಗ್ಗದ ಮೇಲೆ ಒಗೆದ ನೀಲಿ ಯೂನಿಫಾರ್ಮು ಒಣಗುತ್ತಿತ್ತು. ಜಗುಲಿಯಲ್ಲಿ ಒಂದು ಮೋಟಾರೂ ಇರಲಿಲ್ಲ. ರಾಮಾಂಜಿ ಒಬ್ಬನೇ ಕುಳಿತಿದ್ದ, ಗಡ್ಡ ಬಿಟ್ಟುಕೊಂಡು.

ಅವನು ದಡಬಡಿಸಿ ಎದ್ದ. "ರತ್ನಾ! ಯಾರ್ ಜೊತೆ ಬಂದೆ?"

"ನನ್ ಕಾಲ್ ಜೊತೆ ಬಂದೆ. ಗೇಟು ತೆಗೆದ್ರಾ?"

"ಹೂಂ. ಮೂರು ತಿಂಗಳ ಮ್ಯಾಲೆ ಕಾಗದ ಬಂತು. ನಾಳೆ ಸೋಮವಾರ ಡ್ಯೂಟಿಗೆ ಬಾ ಅಂತ. ಹೋಗಿ ಸೇರ್ಕೊಂಡು, ಬರೋ ಶನಿವಾರ ನಿನ್ನ ಕರ್ಕೊಂಡ್ ಬರೋಣ ಅಂತಿದ್ದೆ."

"ಸೇರ್ದೇ ಇದ್ದಿದ್ರೆ ಕರ್ಕೊಂಡ್ ಬತ್ತಿರ್ಲಿಲ್ವಾ?"

ಅವನು ತಲೆ ತಗ್ಗಿಸಿದ. "ನಿಮ್ಮಪ್ಪ ಹಂಗಂದ್ರಲ್ಲ..."

"ನೀವು ನಮ್ಮಪ್ಪನ್ನ ಮದ್ವೆ ಆಗಿದೀರಾ, ನನ್ನಾ?"

ಒಳಗೆ ಬೈರಮ್ಮ ನಗು ತಡೆಯಲಾಗದೆ ಸುಮ್ಮನೆ ಕೆಮ್ಮಿದರು.

"ಕಂಪನಿ ನೋಡ್ಕೊಂಡೇ ನೀನು ಒಪ್ಕೊಂಡಿದ್ದು ಅಂದ್ರು ರತ್ನ. ಅದು ಸುಳ್ಳಾ?"

"ನಿಜ! ಕಂಪನಿ ನೋಡ್ಕೊಂಡೇ ಒಪ್ಕೊಂಡೆ. ನಿಮ್ಮನ್ನ ನೋಡಿದ್ದು ಗೇಟು ಮುಚ್ಚಿದ್ಮೇಲೆ ಅಲ್ವಾ!" ಅವಳ ಕಣ್ಣು ತುಂಬಿತು. "ಸೇರಬೇಕು ಅಂತ ನಿಮಗನ್ಸಿದ್ರೆ ಸೇರ್ಕೊಳಿ. ನಾನು ತಡೆಯಲ್ಲ. ಆದ್ರೆ ನನ್ ಹೆಸರು ಹೇಳ್ಕೊಂಡು ಸೇರ್ಬ್ಯಾಡಿ. ನಂಗೆ ಕತ್ತಲಲ್ಲಿ ಬಂದು ಕತ್ತಲಲ್ಲೇ ಹೋಗೋ ಯೂನಿಫಾರ್ಮು ಬ್ಯಾಡ. ಹಗಲೊತ್ತಲ್ಲಿ ಮಕ ನೋಡೋಕೆ ಸಿಗೋ ಗಂಡ ಬೇಕು..."

ರಾಮಾಂಜಿ ಹಗ್ಗದ ಮೇಲಿನ ಯೂನಿಫಾರ್ಮಿನ ಕಡೆ ನೋಡಿದ. ಆಮೇಲೆ ಮೆಲ್ಲಗೆ ಅಂದ, "ಕೆಲಮಂಗಲದ ಸಂತೆ ಬೀದೀಲಿ ಒಂದು ಮಳಿಗೆ ಖಾಲಿ ಐತೆ. ಮೋಟಾರು ಸುತ್ತೋಕೆ ತಗೋ ಅಂತ ಸೊಣ್ಣಪ್ಪಣ್ಣ ಹೇಳ್ತಾನೇ ಅವ್ನೆ. ಮೂರ್ ಸಲ ಹೋಗಿ ಬಾಗಿಲು ನೋಡ್ಕೊಂಡು ಬಂದ್ಬುಟ್ಟೆ. ನೀನಿಲ್ದೆ ಒಳಗೋಗೋಕೆ ಮನಸ್ಸು ಬರ್ಲಿಲ್ಲ."

"ನಾಳೆ ಇಬ್ರೂ ಹೋಗೋಣ."

"ಒಂದಿನ ಮೋಟಾರು ಬರುತ್ತೆ, ಒಂದಿನ ಬರಲ್ಲ ಕಣೇ. ಯೋಚ್ನೆ ಮಾಡು."

"ಬರ್ದೇ ಇರೋ ದಿನ ಮಾತಾಡ್ಕೊಂಡು ಕೂತ್ಕೊಳೋಣ. ಆರು ತಿಂಗಳ ಮಾತು ಬಾಕಿ ಐತೆ."

ಅವನು ಜೇಬಿನಿಂದ ಕಂಪನಿಯ ಕಾಗದ ತೆಗೆದು, ಒಮ್ಮೆ ನೋಡಿ, ಮಡಚಿ ಅವಳ ಕೈಗೇ ಕೊಟ್ಟುಬಿಟ್ಟ. ಅವಳು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆದರೂ ಅವಳ ಮುಖ ಪೂರ್ತಿ ಅರಳಲಿಲ್ಲ. ಏನೋ ಕೊರೆಯುತ್ತಿತ್ತು.

"ಒಂದ್ ಮಾತು ಹೇಳ್ತೀನಿ. ಬೈಬಾರ್ದು."

"ಹೇಳು."

"ಗೇಟು ತೆಗೀಲಿ ಅಂತ ಅತ್ತೆ ಮುನೇಶ್ವರನಿಗೆ ಹರಕೆ ಹೊತ್ಕೊಂಡ್ರಲ್ಲ, ಅವತ್ತು... ಅವ್ರ ಪಕ್ಕದಲ್ಲೇ ನಿಂತ್ಕೊಂಡು..." ಅವಳು ಸೆರಗಿನ ತುದಿ ತಿರುವಿದಳು. "ಇನ್ನೂ ಒಂದು ತಿಂಗಳು ತೆಗೀದೇ ಇರ್ಲಿ ಅಂತ ನಾನು ಬೇಡ್ಕೊಂಬುಟ್ಟೆ. ಬೇರೆಯೋರ ಮನೆ ಕಷ್ಟಾನೂ ನೆಪ್ಪಾಗ್ಲಿಲ್ಲ. ನಾನು ಪಾಪಿ!"

ರಾಮಾಂಜಿ ಅವಳನ್ನೇ ನೋಡಿದ. ಅವನ ಮುಖದಲ್ಲಿ ಏನಿದೆಯೆಂದು ಅವಳಿಗೆ ತಿಳಿಯಲಿಲ್ಲ.

"ಒಂದೇ ತಿಂಗಳು ಕೇಳಿದ್ಯಾ?"

"...ಹೂಂ."

ಅವನು ಅವಳ ಕೈ ಹಿಡಿದುಕೊಂಡ, ಹಾಡು ಹಗಲಲ್ಲೇ, ಬೀದಿಗೆಲ್ಲ ಕಾಣುವ ಹಾಗೆ.

"ಜಿಪುಣಿ! ನಾನು ಮೂರು ತಿಂಗಳು ಕೇಳಿದ್ದೆ ಕಣೇ."