ಒಂಟಿ ಕಿಡಿಯೂ ಮೂರು ಹಿಡಿ ಕಂದು ಪಾಚಿಯೂ

ಕಡಲು ಇನ್ನೂ ಇಷ್ಟೊಂದು ಉಪ್ಪಾಗಿರದ ಕಾಲದಲ್ಲಿ ಚಿಪ್ಪಿನಗರಿ ಅಂತ ಒಂದು ರಾಜ್ಯವಿತ್ತು. ಅಲ್ಲಿ ಜಟ್ಟಿಗನಷ್ಟು ಆಳಕ್ಕೆ ಮುಳುಗುವ ಗಂಡು ಇನ್ನೊಬ್ಬನಿರಲಿಲ್ಲ. ದಿನಾ ಹಾಗೆ ಹೇಳಿಕೊಳ್ಳುತ್ತಿದ್ದವನು ಜಟ್ಟಿಗನೇ. ಆದರೂ ಮಾತು ನಿಜ.

"ನಾನು ಉಸಿರು ಹಿಡಿದರೆ ತಿಮಿಂಗಿಲವೂ ಕೈ ಮುಗೀಬೇಕು," ಅನ್ನುತ್ತಿದ್ದ.

"ಕೈ ಇದ್ದರೆ ತಾನೇ ಮುಗಿಯೋದು? ಸುಳ್ಳ. ಗಂಜಿ ಉಣ್ಣು," ಅನ್ನುತ್ತಿದ್ದಳು ಅಕ್ಕ ಹೊನ್ನಿ. ತಾಯಿಯಿಲ್ಲದ ಆ ಮನೆಯಲ್ಲಿ ಅವನಿಗಿದ್ದವಳು ಅವಳೊಬ್ಬಳೇ.

ಒಂದು ಮಧ್ಯಾಹ್ನ ಜಟ್ಟಿಗ ಕಡಲ ತಳದಲ್ಲಿದ್ದಾಗ ಊರಿಗೆ ಕಿಡಿಮಾಂತ್ರಿಕನೊಬ್ಬ ಬಂದ. ಊರ ಮೇಲೆ ಕಿಡಿ ಊದಿದ. ಒಂದೊಂದೂ ಜೋಡಿ ಕಳೆದುಕೊಂಡ ಕಿಡಿ. ತಾಗಿದ ಮೈಯೊಳಗಿನ ಜೀವದ ಕಿಡಿಯೊಂದನ್ನು ತನ್ನ ಜೋಡಿಗೆಂದು ಕಿತ್ತುಕೊಳ್ಳುತ್ತಿತ್ತು. ಕಿತ್ತ ಜಾಗಕ್ಕೆ ತುಕ್ಕು ಹಿಡಿಯುತ್ತಿತ್ತು. ಜಟ್ಟಿಗ ಮೇಲೆ ಬರುವಷ್ಟರಲ್ಲಿ ರಾಜ ಸಿಂಹಾಸನದಲ್ಲಿ, ಅಂಬಿಗ ದೋಣಿಯಲ್ಲಿ, ಅಕ್ಕ ಗಂಜಿಮಡಕೆಯ ಮುಂದೆ ತುಕ್ಕಿನ ಬೊಂಬೆಗಳಾಗಿದ್ದರು.

ಅವನು ಅಕ್ಕನ ಮುಂದೆ ಕೂತ. "ಇವತ್ತು ಹತ್ತಾಳು ಆಳಕ್ಕೆ ಹೋಗಿದ್ದೆ ಅಕ್ಕಾ."

ಯಾರೂ ಸುಳ್ಳ ಅನ್ನಲಿಲ್ಲ.

"ಇಪ್ಪತ್ತಾಳು," ಎಂದ. ಆಗಲೂ ಅನ್ನಲಿಲ್ಲ.

ತಡೆಯಲಾರದೆ ಕಡಲಿಗೆ ಹಾರಿದ. ತಳದಲ್ಲಿ ಕಂದು ಪಾಚಿಯ ಕಾಡು, ಅದಕ್ಕೊಂದು ಮುದಿ ಆಮೆ ಕಾವಲು.

"ನನ್ನ ಕಾಡಿಗೂ ಕಿಡಿ ಬಿತ್ತು, ತುಕ್ಕು ಹಿಡಿಯಲಿಲ್ಲ ನೋಡು," ಎಂದಿತು ಆಮೆ. "ಈ ಕಂದು ಬಣ್ಣ ಒಂಟಿ ಕಿಡಿಗೆ ತನ್ನಿಂದಲೇ ಜೋಡಿ ಕೊಟ್ಟು ತಣಿಸುತ್ತದೆ. ಒಬ್ಬ ಮನುಷ್ಯನಿಗೆ ಮೂರೇ ಹಿಡಿ ಕೊಡುವುದು. ಅದನ್ನು ಹೇಗೆ ಇಡಬೇಕೆಂದರೆ..."

"ಮೀನುಗಾರರ ಹುಡುಗನಿಗೆ ಇಡೋದು ಹೇಳಿಕೊಡ್ತೀಯಾ ಅಜ್ಜ?" ಎನ್ನುತ್ತ ಜಟ್ಟಿಗ ಒಂದು ಹಿಡಿ ಕಿತ್ತುಕೊಂಡು ಹೊರಟೇಬಿಟ್ಟ.

ಮೊದಲ ಹಿಡಿಯನ್ನು ಮೀನು ಒಣಗಿಸುವ ಹಾಗೆ ಮರಳಿನ ಮೇಲೆ ಹರಡಿದ. ಬಿಸಿಲು ಬಣ್ಣವನ್ನು ತಿಂದಿತು. ಹುಡಿಯನ್ನು ಅಕ್ಕನಿಗೆ ಹಚ್ಚಿದ. ಅಕ್ಕ ಏಳಲಿಲ್ಲ.

ಮತ್ತೆ ಮುಳುಗಿ ತಂದ ಎರಡನೇ ಹಿಡಿಯನ್ನು ಕುದಿಯುವ ನೀರಿಗೆ ಹಾಕಿದ. ಕಂದು ಹೋಗಿ ಹಸಿರಾಯಿತು. ಅದನ್ನೂ ಹಚ್ಚಿದ. ಅಕ್ಕ ಏಳಲಿಲ್ಲ.

ಮೂರನೇ ಸಲ ಆಮೆಯ ಮುಂದೆ ತಲೆ ತಗ್ಗಿಸಿ ನಿಂತ. "ಅಜ್ಜ, ನನಗೆ ಗೊತ್ತಿಲ್ಲ."

"ಇಷ್ಟು ಹೇಳೋಕೆ ಎರಡು ಹಿಡಿ ಬೇಕಾಯಿತಾ?" ಆಮೆ ಕೊನೆಯ ಹಿಡಿ ಕೊಟ್ಟಿತು. "ಬಿಸಿಲು, ಬೆಂಕಿ ಎರಡೂ ತಾಗಬಾರದು. ಈ ಬಣ್ಣ ನೀರಿಗೆ ಬಿಡುವುದಿಲ್ಲ, ಎಣ್ಣೆಗೆ ಬಿಡುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ನೆನೆಹಾಕು, ನೆರಳಲ್ಲಿಡು. ಏಳು ದಿನ ಕಾಯಬೇಕು."

ಏಳು ದಿನ. ಮಾತನಾಡಿದರೆ ತನ್ನ ಮಾತೇ ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ಐದನೇ ದಿನಕ್ಕೆ ಜಟ್ಟಿಗ ಬಡಾಯಿ ಕೊಚ್ಚುವುದನ್ನೂ ಬಿಟ್ಟ.

ಏಳನೇ ದಿನ ಎಣ್ಣೆ ಹೊಂಬಣ್ಣಕ್ಕೆ ತಿರುಗಿತು. ಒಂದೇ ಮೈಗೆ ಸಾಕಾಗುವಷ್ಟು. ಅಕ್ಕನ ಕಡೆ ಹೆಜ್ಜೆ ಇಟ್ಟ. ಬಾಗಿಲಲ್ಲಿ ಮಾಂತ್ರಿಕ ನಿಂತಿದ್ದ. ಮೈಯೆಲ್ಲ ಒಂದೇ ದೊಡ್ಡ ಒಂಟಿ ಕಿಡಿ.

"ಇನ್ನೂ ಒಬ್ಬ ಉಳಿದಿದ್ದೀಯಾ?"

"ಇಡೀ ಊರನ್ನೇ ಕಿತ್ತೆಯಲ್ಲ, ನಿನಗೆ ಜೋಡಿ ಸಿಕ್ಕಿತಾ?"

ಮಾಂತ್ರಿಕ ಹೊಸ್ತಿಲ ಮೇಲೆ ಕೂತ. "ಕಿತ್ತದ್ದು ಯಾವುದೂ ಜೊತೆಗೆ ನಿಲ್ಲಲಿಲ್ಲ."

ಆ ಸಂಕಟ ಏನೆಂದು ಏಳು ದಿನದಲ್ಲಿ ಜಟ್ಟಿಗನಿಗೂ ಗೊತ್ತಾಗಿತ್ತು. ಅಕ್ಕನನ್ನು ಎಬ್ಬಿಸಿದರೆ ಇವನು ಮತ್ತೆ ಕಿಡಿ ಊದುತ್ತಾನೆ. ಅಕ್ಕನ ಮುಖ ಒಮ್ಮೆ ನೋಡಿದ. ಎಣ್ಣೆಯನ್ನೆಲ್ಲ ಮಾಂತ್ರಿಕನ ತಲೆಗೆ ಸುರಿದ.

ಕಿಡಿಗೆ ಜೋಡಿ ಸಿಕ್ಕಿತು. ಉರಿ ತಗ್ಗಿ ತಗ್ಗಿ ಕಾಳಷ್ಟಾಗಿ, ಮನೆಯ ಹಣತೆಯ ಬತ್ತಿಯ ಮೇಲೆ ತೆಪ್ಪಗೆ ಕೂತಿತು. ಅವನು ಕಿತ್ತದ್ದೆಲ್ಲ ಅವರವರ ಮೈಗೆ ಮರಳಿತು. ಊರಿನ ತುಕ್ಕು ಹಪ್ಪಳದಂತೆ ಉದುರಿತು.

"ಗಂಜಿ ಆರಿಹೋಯಿತು. ಎಲ್ಲಿ ಹಾಳಾಗಿದ್ದೆ?" ಎಂದಳು ಹೊನ್ನಿ.

"ಮಾಂತ್ರಿಕನನ್ನ ಹಿಡಿದು ದೀಪ ಮಾಡಿದೆ ಅಕ್ಕಾ."

"ಸುಳ್ಳ."

ಅಂದಿನಿಂದ ಆಮೆ ಒಬ್ಬೊಬ್ಬರ ಪಾಲಿಗೂ ಕೊಟ್ಟ ಹಿಡಿಗಳಿಂದ ಚಿಪ್ಪಿನಗರಿಯ ಮನೆಮನೆಯ ನೆರಳಲ್ಲೂ ಕಂದು ಪಾಚಿಯ ಎಣ್ಣೆಗಡಿಗೆ ಕೂತಿತು, ಜನ ತುಕ್ಕು ಹಿಡಿಯದೆ ಸುಖವಾಗಿದ್ದರು. ಜಟ್ಟಿಗ ಮಾತ್ರ ಆ ದಿನ ಗಂಜಿ ಮುಟ್ಟದೆ ಅಕ್ಕನ ಸೆರಗು ಹಿಡಿದು ಕೇಳುತ್ತಲೇ ಇದ್ದ:

"ಇನ್ನೊಂದು ಸಲ ಅನ್ನು ಅಕ್ಕಾ."