ಬೀಗವಿಲ್ಲದ ಬಾಗಿಲು

"ಅಳಿಯಂದಿರೇ, ಆ ಬಾಗಿಲಿಗೆ ಬೀಗ ಹಾಕ್ಬೇಡಿ."

ಅಜ್ಜಿ ತಲೆ ಎತ್ತದೆ ಹೇಳಿದಳು. ಹೊಸ್ತಿಲ ಪಕ್ಕ ಕೂತು, ಹೊಸ ಬೀಗದ ಕೈಗಳನ್ನು ಮರದ ಹೊಟ್ಟಿನಲ್ಲಿ ಉಜ್ಜಿ ಎಣ್ಣೆ ತೆಗೆಯುವುದು ಅವಳ ಕೆಲಸ.

"ಯಾಕಜ್ಜಿ, ಬೀಗ ಕಚ್ಚುತ್ತಾ?" ಎಂದು ಅವನು ನಕ್ಕ.

"ಕಚ್ಚಲ್ಲ. ಬಿಡಲ್ಲ."

ಅದು ಬೀಗ ಮಾಡುವ ಕಾರ್ಖಾನೆ. ಊರಿನ ಅಂಗಡಿ, ಬ್ಯಾಂಕು, ಜೈಲು, ಎಲ್ಲಕ್ಕೂ ಅಲ್ಲಿಯದೇ ಬೀಗ. ಆದರೆ ಕಾರ್ಖಾನೆಯ ಸ್ವಂತ ತಲೆಬಾಗಿಲಿಗೆ ಇಪ್ಪತ್ತೆರಡು ವರ್ಷದಿಂದ ಬೀಗ ಬಿದ್ದಿರಲಿಲ್ಲ. ಸಂಜೆ ಕೆಲಸ ಮುಗಿದ ಮೇಲೆ ಬಾಗಿಲನ್ನು ಸುಮ್ಮನೆ ಮುಂದಕ್ಕೆ ಎಳೆದು ಎಲ್ಲರೂ ಮನೆಗೆ ಹೋಗುತ್ತಿದ್ದರು. ಒಂದು ಮೊಳೆಯೂ ಕಳುವಾಗಿರಲಿಲ್ಲ.

ಅವನ ಮಾವ ಕಾರ್ಖಾನೆಯ ಯಜಮಾನ. ಅಷ್ಟೂ ವರ್ಷ ಆ ಹೊಸ್ತಿಲು ತುಳಿದವರಲ್ಲ. ಕೆಲಸಗಾರರೇ ನಡೆಸುತ್ತಿದ್ದರು, ಬಂದದ್ದರಲ್ಲಿ ಅರ್ಧ ಮಾವನ ಮನೆಗೆ ಹೋಗುತ್ತಿತ್ತು. ಈಗ ಮಾವ ಕಟ್ಟಡವನ್ನೂ ಯಂತ್ರಗಳನ್ನೂ ಮಾರಲು ಹೊರಟಿದ್ದರು. ಯಂತ್ರ ನಮ್ಮದು, ಬಿಡುವುದಿಲ್ಲ ಎಂದು ಕೆಲಸಗಾರರು ಕೂತಿದ್ದರು.

ಬೆಳಿಗ್ಗೆ ಮಾವ ಅವನನ್ನು ಕರೆದು, ಮೇಜಿನ ಮೇಲಿದ್ದ ದೊಡ್ಡ ಹಿತ್ತಾಳೆ ಬೀಗವನ್ನು ಊರುಗೋಲಿನ ತುದಿಯಿಂದ ಅವನ ಕಡೆ ತಳ್ಳಿದ್ದರು. ಬೀಗದ ಮೈಮೇಲೆ ಮಾವನ ಹೆಸರಿನ ಮುದ್ರೆ.

"ಊಟದ ಹೊತ್ತಿಗೆ ಎಲ್ಲ ಆಚೆ ಬರ್ತಾರೆ. ಆಗ ಹಾಕ್ಬಿಡು. ನೀನೇ ಹಾಕು, ನಿನ್ನ ಕೈಯಾರೆ."

ಮನೆಅಳಿಯನಾಗಿ ನಾಲ್ಕು ವರ್ಷ. ಮಾವ ಅವನ ಕೈಗೆ ಏನನ್ನಾದರೂ ಕೊಟ್ಟದ್ದು ಅದೇ ಮೊದಲು. ಅದನ್ನು ಅವನು ನಂಬಿಕೆ ಎಂದುಕೊಂಡ. ತುಂಬು ಬಸುರಿ ಹೆಂಡತಿ ಆಸ್ಪತ್ರೆಗೆ ಸೇರಿದ್ದಳು. ಮಗು ಹುಟ್ಟುವ ದಿನವೇ ತಾನೂ ಯಜಮಾನನಾದೆ ಎಂದು ಹಿಗ್ಗಿದ.

ಊಟದ ಗಂಟೆ ಹೊಡೆಯಿತು. ಗೋಡೆಯ ನೆರಳಿನಲ್ಲಿ ಡಬ್ಬಿಗಳು ತೆರೆದುಕೊಂಡವು. ಅರ ಉಜ್ಜಿ ಉಜ್ಜಿ ಬೆರಳು ಸವೆದವನೊಬ್ಬ ಅವರ ಮುಂದಾಳು. ಎಲ್ಲರೂ ಅವನನ್ನು ಕರೆಯುತ್ತಿದ್ದುದು ಕಾಮ್ರೇಡ್ ಎಂದೇ.

"ಏನು ಕಾಮ್ರೇಡ್, ಎಲ್ಲಾ ಎಲ್ಲರದೂ ಆಗ್ಬಿಟ್ರೆ ನಿನ್ನ ಬೀಗ ಯಾರು ತಗೋತಾರೆ?" ಎಂದು ಅಳಿಯ ಕೆಣಕಿದ.

"ಅಲ್ಲೀತನಕ ಮಾಡ್ಕೊಡ್ತೀವಿ ಬಿಡಿ. ನಿಮ್ಮ ನಿಮ್ಮ ಭಯದ ಅಳತೆಗೆ."

ಡಬ್ಬಿಗಳ ಸುತ್ತ ನಗು ಎದ್ದಿತು. ಅಳಿಯನ ಕಿವಿ ಬಿಸಿಯಾಯಿತು. ನೇರ ಒಳಗೆ ಹೋಗಿ ಮೇನ್ ಸ್ವಿಚ್ ಕೆಳಗೆಳೆದ.

ಕತ್ತಲು. ಕಿಟಕಿಗಳಿಗೆಲ್ಲ ತಗಡು ಹೊಡೆದಿತ್ತು. ಸುಟ್ಟ ಎಣ್ಣೆ, ಹಿತ್ತಾಳೆ ಪುಡಿ, ಇವುಗಳ ಅಡಿಯಲ್ಲಿ ಇನ್ನೊಂದು ವಾಸನೆ. ಹಸಿ ರಕ್ತದ್ದು. ಯಂತ್ರಗಳು ನಿಂತ ಮೇಲೂ ಎಲ್ಲೋ ಯಾರೋ ಏದುಸಿರು ಬಿಡುತ್ತಿದ್ದರು. ಯಂತ್ರದ ಪಟ್ಟಿ ಸಡಿಲಾದ ಸದ್ದು ಎಂದುಕೊಂಡು ಹೊರಬಿದ್ದ. ಬಾಗಿಲೆಳೆದು ಬೀಗ ಒತ್ತಿದ.

ಟಕ್.

ಡಬ್ಬಿಗಳ ಸದ್ದು ನಿಂತಿತು. ಯಾರೂ ಕೂಗಲಿಲ್ಲ, ಕಲ್ಲೆತ್ತಲಿಲ್ಲ. ಎಲ್ಲರೂ ಅಜ್ಜಿಯ ಮುಖ ನೋಡಿದರು.

"ನನ್ನ ಮಗಳು ಇಲ್ಲೇ ಬೀಗದ ಕೈ ಕೊರೀತಿದ್ಲು" ಎಂದಳು ಅಜ್ಜಿ, ಹೊಟ್ಟಿನೊಳಗಿನಿಂದ ಕೈ ತೆಗೆಯದೆ. "ಮುಷ್ಕರ ಅಂತ ಎಲ್ಲ ಒಳಗೆ ಕೂತಿದ್ರು. ನಿಮ್ಮ ಮಾವ ಹೊರಗಿಂದ ಬೀಗ ಜಡಿದ್ರು. ಮೂರು ದಿನ. ಅವಳಿಗೆ ಹೆರಿಗೆ ನೋವು ಶುರುವಾಯ್ತು. ನಾನು ಕೇರಿಯ ಸೂಲಗಿತ್ತಿ. ಊರ ಮಕ್ಕಳನ್ನೆಲ್ಲ ಎತ್ತಿದ ಕೈ ಇದು. ಈ ಬಾಗಿಲಿನ ಆಚೆ ನಿಂತು ಕೇಳಿಸ್ಕೊಂಡೆ. ತೆರೆದಾಗ ತಾಯಿ ಮಗು ಎರಡೂ ತಣ್ಣಗಾಗಿದ್ವು. ಆ ಬೀಗವನ್ನ ಅವಳ ರಕ್ತದಲ್ಲಿ ಅದ್ದಿ ಈ ಹೊಸ್ತಿಲ ಕೆಳಗೆ ಹೂತೆ. ಇನ್ನೊಂದ್ಸಲ ಇಲ್ಲಿ ಬೀಗ ಬಿದ್ರೆ, ಬೀಗ ಯಾರದೋ ಅವರ ಮನೇಲಿ ಮುಚ್ಚಿದ್ದು ತೆರೀಬಾರದು ಅಂದೆ."

"ಕತೆ ಚೆನ್ನಾಗಿದೆ" ಎಂದ. ಬೀಗದ ಕೈಯನ್ನು ಜೇಬಿಗೆ ಇಳಿಸಿದ.

ಬಾಗಿಲನ್ನು ಒಳಗಿನಿಂದ ಯಾರೋ ತಟ್ಟಿದರು. ಅಂಗೈಯಿಂದ. ಮೂರು ಸಲ.

ಫೋನ್ ಹೊಡೆದುಕೊಂಡಿತು. ಆಸ್ಪತ್ರೆಯ ನರ್ಸ್.

"ಸರ್, ಬೇಗ ಬನ್ನಿ. ಮಗು ಇಳಿದಿದೆ, ಗರ್ಭದ ಬಾಯಿ ತೆರೀತಿಲ್ಲ. ಆಪರೇಷನ್ ಮಾಡೋಣ ಅಂದ್ರೆ ಆ ಕೋಣೆ ಬಾಗಿಲೇ ತೆರೀತಿಲ್ಲ ಸರ್. ಬೀಗಾನೇ ಹಾಕಿಲ್ಲ. ಕತ್ತರಿ ಇಟ್ಟ ಪೆಟ್ಟಿಗೇನೂ ತೆರೀತಿಲ್ಲ..."

ಅವಳ ಹಿಂದೆ ಹೆಂಡತಿಯ ಚೀರು. ಆ ದನಿಯನ್ನು ಅವನು ಹಿಂದೆಂದೂ ಕೇಳಿರಲಿಲ್ಲ.

ಬೀಗದ ಕೈ ತೂರಿಸಿ ತಿರುವಿದ. ತಿರುಗಲಿಲ್ಲ. ಮತ್ತೆ ತಿರುವಿದ. ಕಲ್ಲೆತ್ತಿ ಬೀಗಕ್ಕೆ ಬಡಿದ. ಕಲ್ಲು ಒಡೆಯಿತು. ಒಳಗೆ ತಟ್ಟುವುದು ನಿಲ್ಲಲಿಲ್ಲ.

"ಕಾಮ್ರೇಡ್! ನಿಂಗೆ ಬರದೇ ಇರೋ ಬೀಗ ಇಲ್ಲ. ತೆಗಿಯೋ, ಕಾಲಿಗೆ ಬೀಳ್ತೀನಿ!"

ಕಾಮ್ರೇಡ್ ಕೈ ಕಟ್ಟಿ ನಿಂತಿದ್ದ. "ನಮ್ಮ ಹತ್ಯಾರ ಎಲ್ಲಾ ಒಳಗಿದೆ. ನೀವೇ ಹಾಕಿದ್ರಲ್ಲ ಬೀಗ."

ಮಾವನ ಕಾರು ಧೂಳೆಬ್ಬಿಸಿಕೊಂಡು ಬಂತು. ಆಸ್ಪತ್ರೆಯ ಸುದ್ದಿ ಅವರಿಗೂ ಮುಟ್ಟಿತ್ತು. ಇಳಿದವರೇ ಅಳಿಯನ ಕಾಲರ್ ಹಿಡಿದರು.

"ನಿನ್ನ ಕೈಲಿ ಹಾಕ್ಸಿದ್ನಲ್ಲೋ! ಶಾಪ ಬಡ್ಕೊಂಡ್ರೆ ನಿಂಗೆ ಬಡ್ಕೋಬೇಕಿತ್ತು. ನನ್ನ ಮಗಳಿಗೆ ಯಾಕೆ?"

ಮಾತು ಬಾಯಿಂದ ಬಿದ್ದ ಮೇಲೆ ಮಾವ ಸುತ್ತ ನೋಡಿದರು. ಬೆಳಿಗ್ಗೆ ಬೀಗವನ್ನು ಕೈಯಲ್ಲಿ ಮುಟ್ಟದೆ ತಳ್ಳಿದ ಊರುಗೋಲಿನ ತುದಿ ಅಳಿಯನ ನೆನಪಿಗೆ ಬಂತು.

"ಕೈ ಯಾರದಾದ್ರೇನು ಯಜಮಾನ್ರೇ" ಎಂದಳು ಅಜ್ಜಿ. "ದುಡಿಯೋ ಕೈಗೇ ಪಾಪ ಅಂಟೋದಾದ್ರೆ ನಾವೆಲ್ಲ ಯಾವತ್ತೋ ಮಣ್ಣಾಗಿರ್ಬೇಕಿತ್ತು. ಬೀಗದ ಮೇಲೆ ಹೆಸರು ಯಾರದು? ಈ ಬೀಗ ನಂದಲ್ಲ, ಈ ಬಾಗಿಲು ನಂದಲ್ಲ ಅನ್ನಿ, ಇಷ್ಟು ಜನರ ಮುಂದೆ. ತೆರೀತದೆ."

"ನಮ್ಮಪ್ಪ ಕಟ್ಟಿದ್ದು ಇದು."

"ಕಟ್ಟಿದ್ದು ನಮ್ಮಪ್ಪ" ಎಂದ ಕಾಮ್ರೇಡ್. "ನಿಮ್ಮಪ್ಪ ಕೊಡೆ ಹಿಡ್ಕೊಂಡು ನಿಂತಿದ್ದ."

"ಮಾವ, ಹೇಳಿ!" ಅವನು ಫೋನನ್ನು ಮುದುಕನ ಕಿವಿಗೆ ಒತ್ತಿದ. ಅಪ್ಪಾ ಎಂದಿತು ಫೋನು. ಅಪ್ಪಾ, ಅಪ್ಪಾ.

ಮಾವ ಬಾಗಿಲನ್ನು ನೋಡಿದರು, ಆಮೇಲೆ ಗೋಡೆಯನ್ನು, ಆಮೇಲೆ ಚಾವಣಿಯನ್ನು. ಅಳತೆ ಮಾಡುವವರ ಹಾಗೆ. ಫೋನಿನ ದನಿ ಕ್ಷೀಣಿಸಿತು. ಆಗ ಅವರ ಮುಖದಲ್ಲಿ ಏನೋ ಸಡಿಲಾಯಿತು. ಹೇಳಲು ಹೊರಟರು.

ಬಾಯಿ ತೆರೆಯಲಿಲ್ಲ.

ದವಡೆಯ ನರ ಉಬ್ಬಿತು. ಎರಡೂ ಕೈಯಿಂದ ತುಟಿ ಎಳೆದರು. ಹಲ್ಲಿಗೆ ಹಲ್ಲು ಕಚ್ಚಿತ್ತು. ಒಳಗಿನಿಂದ ಗೊರಗೊರ ಸದ್ದು ಮಾತ್ರ. ಮುಚ್ಚಿದ್ದು ತೆರೆಯಲಿಲ್ಲ.

ಅವನು ಬಾಗಿಲ ಮೇಲೆ ಬಿದ್ದ. ಕೀಲಿನ ಮೊಳೆಗಳನ್ನು ಉಗುರಿನಿಂದ ಕಿತ್ತ. ಉಗುರು ಬಂತು. ಮೊಳೆ ಬರಲಿಲ್ಲ. ರಕ್ತ. ಮತ್ತೆ ಕಿತ್ತ. ಒಳಗೆ ಬಡಿತ. ಹೊರಗೆ ಬಡಿತ. ಯಾವುದು ತನ್ನದೆಂದು ತಿಳಿಯಲಿಲ್ಲ.

ಅಜ್ಜಿ ಎದ್ದಳು. ಬಹಳ ಹೊತ್ತು ಅವನ ಬೆರಳುಗಳನ್ನು ನೋಡಿದಳು.

"ಅವತ್ತು ನನ್ನ ಮಗಳಿಗೆ ಯಾರೂ ಬಾಗಿಲು ಕೀಳ್ಲಿಲ್ಲ" ಎಂದಳು. ಆಮೇಲೆ, ಯಾರ ಕಡೆಗೂ ತಿರುಗದೆ, "ಕೀಳ್ರಪ್ಪ."

ನಲವತ್ತು ಜನ. ಹತ್ಯಾರವಿಲ್ಲ. ಬರಿಗೈ, ಭುಜ, ಉಸಿರು. ಕೀಲುಗಳು ಕಿರುಗುಟ್ಟಿದವು. ಮರ ಸೀಳಿತು. ಬಾಗಿಲು ಬೀಗದ ಸಮೇತ ನೆಲಕ್ಕೆ ಬಿತ್ತು. ಒಳಗಿನಿಂದ ತಣ್ಣನೆಯ ಗಾಳಿಯೊಂದು ಎಲ್ಲರ ನಡುವೆ ಹಾದು ಹೋಯಿತು. ಅಜ್ಜಿ ಮಾತ್ರ ಅದಕ್ಕೆ ದಾರಿ ಬಿಟ್ಟಳು.

ಫೋನಿನಲ್ಲಿ ಮಗು ಅತ್ತಿತು.

ಅವನು ಆಸ್ಪತ್ರೆ ಸೇರುವ ಹೊತ್ತಿಗೆ ಎಲ್ಲ ಬಾಗಿಲುಗಳೂ ತೆರೆದಿದ್ದವು. ಮಗು ಕಣ್ಣು ಬಿಟ್ಟಿತ್ತು. ಹೆಂಡತಿ ಬಿಡಲೇ ಇಲ್ಲ.

ಮೂರನೆಯ ದಿನ ಮಾವ ಅವನನ್ನು ಕೋಣೆಗೆ ಕರೆಸಿದರು. ಬಾಯಿ ಇನ್ನೂ ತೆರೆದಿರಲಿಲ್ಲ. ಮೂಗಿಗೆ ಕೊಳವೆ ಹಾಕಿದ್ದರು, ಗಂಜಿ ಅದರಲ್ಲೇ ಇಳಿಯುತ್ತಿತ್ತು. ಅವನ ಹೆಗಲ ಮೇಲೆ ಮಗು ಮಲಗಿತ್ತು. ಮಾವ ಅದನ್ನು ನೋಡಲಿಲ್ಲ. ಒಂದು ಚೀಟಿ ಬರೆದು, ಊರುಗೋಲಿನ ತುದಿಯಿಂದ ಅವನ ಕಡೆ ತಳ್ಳಿದರು.

"ಹೊಸ ಬಾಗಿಲು ಮಾಡಿಸು."